ಲಾಂಚಿಯಾ ಸ್ಟ್ರಾಟೋಸ್ ಮತ್ತು ಬಿಎಂಡಬ್ಲ್ಯೂ ಎಂ1: ಒಂದೇ ನಿಯಮದಿಂದ ಹುಟ್ಟಿದ ಎರಡು ಕಾರುಗಳು ಇಷ್ಟೇಕೆ ಬೇರೆ?

ಪ್ರಶ್ನೆ: ಮ್ಯೂನಿಕ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಕೆಲವು ವರ್ಷಗಳಿಂದ ಮ್ಯೂನಿಕ್‌ನಲ್ಲಿ ನೌಕರಿಯಲ್ಲಿದ್ದೇನೆ. ಇಲ್ಲಿನ ನಮ್ಮ ಸಣ್ಣ ಬಳಗದಲ್ಲಿ ತಿಂಗಳಿಗೊಮ್ಮೆ ಯಾರಾದರೊಬ್ಬರು ತಮಗೆ ಪ್ರಿಯವಾದ ವಿಷಯದ ಮೇಲೆ ಅರ್ಧ ಗಂಟೆ ಕನ್ನಡದಲ್ಲೇ ಮಾತನಾಡುವ ರೂಢಿಯಿದೆ. ಮುಂದಿನ ಸರದಿ ನನ್ನದು. ಆರಿಸಿಕೊಂಡಿರುವ ವಿಷಯ 1970ರ ದಶಕದ ಎರಡು ಅಪರೂಪದ ಕಾರುಗಳು: ಇಟಲಿಯ ಲಾಂಚಿಯಾ ಸ್ಟ್ರಾಟೋಸ್ ಮತ್ತು ಜರ್ಮನಿಯ ಬಿಎಂಡಬ್ಲ್ಯೂ ಎಂ1. ಎರಡರಲ್ಲೂ ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ, ಹಿಂದಿನ ಅಚ್ಚಿಗಿಂತ ಮುಂದೆ. ಎರಡೂ ಸಂಖ್ಯೆಯಲ್ಲಿ ಐನೂರನ್ನು ಮುಟ್ಟಲಿಲ್ಲ. ಎರಡನ್ನೂ ತಯಾರಿಸಿದ್ದು ಮಾರಾಟದ ಲಾಭಕ್ಕಲ್ಲ. ಸ್ಪರ್ಧೆಯ ಗ್ರೂಪ್ 4 ವರ್ಗದಲ್ಲಿ ಮಾನ್ಯತೆ ಪಡೆಯಬೇಕಾದರೆ ಇಂತಿಷ್ಟು ಕಾರುಗಳನ್ನು ಕಟ್ಟಿರಲೇಬೇಕು ಎಂಬ ನಿಯಮಕ್ಕಾಗಿ.

ಟಿಪ್ಪಣಿ ಮಾಡಿಕೊಳ್ಳುತ್ತಾ ಹೋದಂತೆ ನನ್ನನ್ನು ಕಾಡುತ್ತಿರುವ ಸಂಗತಿ ಇದು. ಕಾಗದದ ಮೇಲೆ ಎಂ1 ಬಹುತೇಕ ಎಲ್ಲದರಲ್ಲೂ ಮುಂದಿದೆ. ಅದರ 3,453 ಸಿಸಿ ಎಂಜಿನ್ನಿಗೆ 277 ಅಶ್ವಶಕ್ತಿಯಿದ್ದರೆ, ಸ್ಟ್ರಾಟೋಸ್‌ನ 2,418 ಸಿಸಿ ಎಂಜಿನ್ನಿಗೆ ರಸ್ತೆಯ ರೂಪದಲ್ಲಿ 190. ಎಂ1 ತಾಸಿಗೆ 262 ಕಿಲೋಮೀಟರ್ ಓಡಿದರೆ, ಸ್ಟ್ರಾಟೋಸ್ ಸುಮಾರು 230ಕ್ಕೆ ನಿಲ್ಲುತ್ತದೆ. ಎಂ1 ಸುಮಾರು 1,300 ಕೆಜಿ ತೂಗುತ್ತದೆ, ಸ್ಟ್ರಾಟೋಸ್ ಸಾವಿರಕ್ಕಿಂತಲೂ ತುಸು ಕಡಿಮೆ. ಆದರೂ ಭಾಗಿಸಿ ನೋಡಿದರೆ ಒಂದೊಂದು ಅಶ್ವಶಕ್ತಿಯ ಪಾಲಿಗೆ ಬರುವ ಭಾರ ಎಂ1ರಲ್ಲಿ 4.7 ಕೆಜಿ, ಸ್ಟ್ರಾಟೋಸ್‌ನಲ್ಲಿ 5.2 ಕೆಜಿ. ಹೀಗಿರುವಾಗ ಸ್ಪರ್ಧೆಯ ಚರಿತ್ರೆಯಲ್ಲಿ ಸ್ಟ್ರಾಟೋಸ್‌ಗೆ ದಕ್ಕಿರುವ ಸ್ಥಾನ ಎಂ1ಗೆ ಏಕೆ ದಕ್ಕಲಿಲ್ಲ?

ಇನ್ನೊಂದು ಸಂದೇಹವೂ ಇದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಸ್ಟ್ರಾಟೋಸ್‌ನಲ್ಲಿ 2,180 ಮಿಲಿಮೀಟರ್, ಎಂ1ರಲ್ಲಿ 2,560. ಒಂದೇ ನಿಯಮದಡಿ ಕಟ್ಟಿದ, ಇಬ್ಬರೇ ಕೂರುವ ಎರಡು ಕಾರುಗಳ ನಡುವೆ 38 ಸೆಂಟಿಮೀಟರ್ ವ್ಯತ್ಯಾಸವೆಂದರೆ ಅದು ಆಕಸ್ಮಿಕವಾಗಿರಲಾರದು. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಮೇಷ್ಟ್ರು, ದಾವಣಗೆರೆ

ತಮ್ಮ ಎರಡನೆಯ ಸಂದೇಹದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಉತ್ತರದ ಅರ್ಧಭಾಗ ಅದರೊಳಗೇ ಅಡಗಿದೆ.

ಎಂ1ರ ಎಂಜಿನ್ನಿನಲ್ಲಿ ಆರು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ, ಕಾರಿನ ಉದ್ದಕ್ಕೆ ಸರಿಯಾಗಿ ನಿಂತಿವೆ. ಒಂದೊಂದರ ಒಳವ್ಯಾಸ 93.4 ಮಿಲಿಮೀಟರ್. ನಡುವಿನ ಗೋಡೆಗಳನ್ನೂ ನೀರಿನ ದಾರಿಗಳನ್ನೂ ಬಿಟ್ಟು ಬರೀ ರಂಧ್ರಗಳನ್ನೇ ಕೂಡಿದರೂ 56 ಸೆಂಟಿಮೀಟರ್ ಆಗುತ್ತದೆ. ಸ್ಟ್ರಾಟೋಸ್‌ನಲ್ಲಿ ಇರುವುದು ಫೆರಾರಿ ಡೀನೋ 246 ಕಾರಿನ ವಿ6 ಎಂಜಿನ್. ಅದರಲ್ಲಿ ಮೂರು ಮೂರು ಸಿಲಿಂಡರ್‌ಗಳು 65 ಡಿಗ್ರಿ ಕೋನದಲ್ಲಿ ಎದುರುಬದುರಾಗಿ ವಾಲಿಕೊಂಡಿವೆ. ಆದ್ದರಿಂದ ಅದು ಗಿಡ್ಡ. ಗಿಡ್ಡವಾದ್ದರಿಂದಲೇ ಅದನ್ನು ಎರಡು ಹಿಂಗಾಲಿಗಳ ನಡುವೆ ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದಕ್ಕೇ ಅಂಟಿಸಿ, ಒಂದೇ ಗಂಟು ಮಾಡುವುದು ಸಾಧ್ಯವಾಯಿತು. ಎಂ1ರ ಸಾಲು ಎಂಜಿನ್ನನ್ನು ಹೀಗೆ ಅಡ್ಡ ಹಾಕುವಂತಿರಲಿಲ್ಲ. ಚಾಲಕನ ಬೆನ್ನಿಗೆ ಎಂಜಿನ್, ಎಂಜಿನ್ನಿನ ಬೆನ್ನಿಗೆ ಗೇರ್‌ಬಾಕ್ಸ್ ಎಂದು ಸಾಲುಗಟ್ಟಿಸಿದ ಮೇಲೆ ಹಿಂದಿನ ಅಚ್ಚು ಹಿಂದಕ್ಕೆ ಸರಿಯಲೇಬೇಕು.

ಆದರೆ ಎಂಜಿನ್ನಿನ ಉದ್ದ ಕಾರಣದ ಒಂದು ಭಾಗ ಮಾತ್ರ. ಲಾಂಚಿಯಾದವರು ಅಂತರವನ್ನು ಇಷ್ಟು ಕಿರಿದು ಮಾಡಿದ್ದು ಅನಿವಾರ್ಯವಾಗಿ ಅಲ್ಲ, ಬೇಕೆಂದೇ. ನಮ್ಮ ಮಾರುತಿ 800 ಕಾರಿನ ವೀಲ್‌ಬೇಸ್ 2,175 ಮಿಲಿಮೀಟರ್. ಫೆರಾರಿಯ ಎಂಜಿನ್ ಹೊತ್ತ, ವಿಶ್ವ ರ‍್ಯಾಲಿ ಗೆದ್ದ ಕಾರು ಅದಕ್ಕಿಂತ ಉದ್ದವಾಗಿರುವುದು ಬರೀ ಅರ್ಧ ಸೆಂಟಿಮೀಟರ್! ಅಗಲದಲ್ಲಿ ಮಾತ್ರ ಸ್ಟ್ರಾಟೋಸ್ 1,750 ಮಿಲಿಮೀಟರ್ ಇದ್ದು, ಮಾರುತಿಯನ್ನು ಒಂದು ಅಡಿ ಹಿಂದೆ ಹಾಕುತ್ತದೆ. ತಾವು ಭಾಷಣದಲ್ಲಿ ಈ ಹೋಲಿಕೆಯನ್ನು ಬಳಸಿದರೆ ಮಾರುತಿ ಓಡಿಸಿ ಬಲ್ಲ ಯಾರಿಗಾದರೂ ಆ ಕಾರಿನ ಆಕಾರ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ ಎಂದು ನನಗನ್ನಿಸುತ್ತದೆ.

ಗಿಡ್ಡ ಮತ್ತು ಅಗಲ ಏಕೆ ಬೇಕು? ತರಗತಿಯಲ್ಲಿ ನಾನು ಕೊಡುತ್ತಿದ್ದ ಉದಾಹರಣೆಯನ್ನೇ ಕೊಡುತ್ತೇನೆ. ಹೆಗಲ ಮೇಲಿನ ಅಡ್ಡೆಯ ಎರಡು ತುದಿಗೂ ನೀರಿನ ಕೊಡ ನೇತುಹಾಕಿಕೊಂಡು ನಡೆಯುವವನನ್ನು ಹಿಂದಿನಿಂದ ಕೂಗಿದರೆ ಅವನು ತಟ್ಟನೆ ತಿರುಗಲಾರ. ತಿರುಗಿದರೂ ತಟ್ಟನೆ ನಿಲ್ಲಲಾರ. ಅಷ್ಟೇ ತೂಕದ ನೀರನ್ನು ಒಂದೇ ಕೊಡದಲ್ಲಿ ಸೊಂಟಕ್ಕೆ ಒತ್ತಿಕೊಂಡು ಬರುವವಳು ಕರೆದ ಕಡೆಗೆ ಕೂಡಲೇ ತಿರುಗುತ್ತಾಳೆ. ಎಂಜಿನ್ ಮುಂದಿರುವ ಕಾರು ಅಡ್ಡೆ ಹೊತ್ತವನಂತೆ, ನಡುವಿನಲ್ಲಿರುವ ಕಾರು ಕೊಡ ಹೊತ್ತವಳಂತೆ. ಸ್ಟ್ರಾಟೋಸ್ ಈ ತತ್ತ್ವವನ್ನು ಕೊನೆಯ ಮಿತಿಯವರೆಗೆ ಎಳೆದ ಕಾರು. ರ‍್ಯಾಲಿಯಲ್ಲಿ ಮುಂದಿನ ತಿರುವು ಯಾವ ಕೋನದಲ್ಲಿದೆ, ಅದರ ಮೇಲೆ ಮಣ್ಣಿದೆಯೋ ಮಂಜುಗಡ್ಡೆಯಿದೆಯೋ ಎಂಬುದು ಕೊನೆಯ ಕ್ಷಣದಲ್ಲಿ ತಿಳಿಯುವಂಥದ್ದು. ಅಂಥಲ್ಲಿ ಬೇಗ ತಿರುಗುವ ಗುಣಕ್ಕಿರುವ ಬೆಲೆ ತಾಸಿಗೆ 262 ಕಿಲೋಮೀಟರ್ ವೇಗಕ್ಕಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಇದೆ. ಬೇಗ ತಿರುಗುವ ಕಾರು ಕೇಳದಿದ್ದಾಗಲೂ ತಿರುಗುತ್ತದೆ. ತಿರುವಿನ ನಡುವೆ ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ವಾಲಿ, ಹಿಂಗಾಲಿಗಳ ಹಿಡಿತ ಸಡಿಲವಾಗಿ, ಕಾರಿನ ಹಿಂಬದಿ ಕ್ಷಣಾರ್ಧದಲ್ಲಿ ಹೊರಗೆ ಚಿಮ್ಮುತ್ತದೆ. ಸ್ಯಾಂಡ್ರೊ ಮುನಾರಿಯಂಥ ಚಾಲಕ ಅದನ್ನೇ ಅಸ್ತ್ರವಾಗಿ ಬಳಸಿ 1975, 1976, 1977ರಲ್ಲಿ ಸತತವಾಗಿ ಮೂರು ಸಲ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ. ಸಾಮಾನ್ಯ ಚಾಲಕನಿಗೆ ಅದು ಒಗ್ಗುವ ಗುಣವಲ್ಲ.

ಇನ್ನು ಕಾಲದ ವಿಚಾರ. ಸ್ಟ್ರಾಟೋಸ್‌ಗೆ ಮಾನ್ಯತೆ ದೊರೆತದ್ದು 1974ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ಅದು ಸಾನ್‌ರೆಮೊ ರ‍್ಯಾಲಿ ಗೆದ್ದಿತು, ಆ ವರ್ಷದಿಂದ 1976ರವರೆಗೆ ತಯಾರಕರ ವಿಶ್ವ ಪ್ರಶಸ್ತಿ ಲಾಂಚಿಯಾದ ಪಾಲಾಯಿತು. ಎಂ1 ಪ್ಯಾರಿಸ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡದ್ದೇ 1978ರಲ್ಲಿ. ಅಗತ್ಯವಿದ್ದ 400 ಕಾರುಗಳು ಪೂರೈಸುವ ಹೊತ್ತಿಗೆ 1980 ಮುಗಿಯುತ್ತಾ ಬಂದಿತ್ತು. 1982ಕ್ಕೆ ಗ್ರೂಪ್ ಬಿ ಎಂಬ ಹೊಸ ನಿಯಮಾವಳಿ ಬಂದು ಹಳೆಯ ಲೆಕ್ಕವೆಲ್ಲ ಬದಲಾಯಿತು. ಎಂ1 ಕೆಟ್ಟ ಕಾರು ಎಂದು ನಾನು ಹೇಳಲಾರೆ. ಅದು ಉತ್ತರ ಬರೆದು ಮುಗಿಸುವಷ್ಟರಲ್ಲಿ ಪ್ರಶ್ನೆಪತ್ರಿಕೆಯೇ ಬದಲಾಗಿತ್ತು.

ಉತ್ತರ 2: ಪಾನಾ ಹಿಡಿದವ, ಚಿಕ್ಕಮಗಳೂರು

ಮೇಷ್ಟ್ರು ಓಟದ ಮಾತು ಹೇಳಿದರು. ನಾನು ನಿಂತಿರುವ ಕಾರಿನ ಮಾತು ಹೇಳುತ್ತೇನೆ. ನಮ್ಮ ಕಡೆಯ ಕಾಫಿ ತೋಟಗಳ ದಾರಿಯಲ್ಲಿ ನಡೆಯುವ ರ‍್ಯಾಲಿಗಳಲ್ಲಿ ಹಲವು ವರ್ಷ ಸರ್ವಿಸ್ ತಂಡದಲ್ಲಿ ದುಡಿದಿದ್ದೇನೆ. ಅಲ್ಲಿ ಕಲಿತ ಮೊದಲ ಪಾಠವೆಂದರೆ ರ‍್ಯಾಲಿಯ ಫಲಿತಾಂಶ ನಿರ್ಧಾರವಾಗುವುದು ಎಷ್ಟೋ ಸಲ ರಸ್ತೆಯ ಮೇಲಲ್ಲ, ಪಕ್ಕದಲ್ಲಿ ಹಾಸಿದ ಟಾರ್ಪಾಲಿನ ಮೇಲೆ. ಕೈಗೆ ಸಿಗುವುದು ಕೆಲವೇ ನಿಮಿಷ. ಬಿಸಿ ಎಂಜಿನ್ನಿನ ಸಂದಿಯಲ್ಲಿ ಕೈ ತೂರಿಸಿ, ಕಾಣದ ನಟ್ಟಿಗೆ ಪಾನಾ ಕೂರಿಸಲು ಹೆಣಗುವವನಿಗೆ ಆ ಕಾರನ್ನು ಕಾಗದದ ಮೇಲೆ ಬರೆದವನ ಮೇಲೆ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಸ್ಟ್ರಾಟೋಸ್‌ನ ಚಿತ್ರಗಳನ್ನು ಮೊದಲ ಬಾರಿ ನೋಡಿದಾಗ ನಾನು ಬೆರಗಾದದ್ದು ಅದರ ಚೆಲುವಿಗಲ್ಲ. ಮುಂಭಾಗದ ಇಡೀ ಮೈ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಹಿಂಭಾಗದ ಇಡೀ ಮೈ ಒಂದೇ ತುಂಡಾಗಿ ಹಿಂದಕ್ಕೆ ಬಾಯಿ ತೆರೆಯುತ್ತದೆ. ಎರಡೂ ಫೈಬರ್‌ಗ್ಲಾಸಿನವು, ಹಗುರ, ಬೇಕೆಂದರೆ ಬಿಚ್ಚಿ ಪಕ್ಕಕ್ಕಿಡಬಹುದು. ಆಮೇಲೆ ನಡುವೆ ಉಳಿಯುವುದು ಇಬ್ಬರು ಕೂರುವ ಉಕ್ಕಿನ ಗೂಡು ಮಾತ್ರ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಸಸ್ಪೆನ್ಷನ್ ಎಲ್ಲವೂ ಅಂಗಡಿಯ ಮುಂದೆ ಹರಡಿದ ಸಾಮಾನಿನಂತೆ ಕಣ್ಣೆದುರಿಗೆ ಬರುತ್ತವೆ. ನಾಲ್ಕು ಜನ ಒಟ್ಟಿಗೆ ನಿಂತು ಕೆಲಸ ಮಾಡಬಹುದು. ಬಾಗಿಲಿನ ಒಳಮೈಯಲ್ಲಿ ಹೆಲ್ಮೆಟ್ ಇಡಲು ದೊಡ್ಡ ತೊಟ್ಟಿಲಿನಂಥ ಜಾಗವಿದೆ. ರಸ್ತೆಯ ಮೇಲೆ ಓಡಾಡಲು ಕಾರು ಕೊಂಡವನಿಗೆ ಹೆಲ್ಮೆಟ್ ಏಕೆ? ಆ ತೊಟ್ಟಿಲು ಒಂದೇ ಸಾಕು, ಆ ಕಾರನ್ನು ಯಾರಿಗಾಗಿ ಕಟ್ಟಿದರು ಎಂಬುದಕ್ಕೆ ಸಾಕ್ಷಿ.

ಗಟ್ಟಿತನದ ಬಗ್ಗೆಯೂ ಒಂದು ಮಾತು. ಇಷ್ಟು ಸೂಕ್ಷ್ಮವಾಗಿ ಕಾಣುವ ಕಾರು ಒರಟು ದಾರಿಯಲ್ಲಿ ಚೂರಾಗಬಹುದೆಂದು ಯಾರಾದರೂ ಎಣಿಸಬಹುದು. 1975ರಲ್ಲಿ ಅದನ್ನು ಕೀನ್ಯಾದ ಸಫಾರಿ ರ‍್ಯಾಲಿಗೆ ಒಯ್ದರು. ಧೂಳು, ಕೆಸರು, ಹೊಂಡಗಳ ಆ ಸಾವಿರಾರು ಕಿಲೋಮೀಟರ್‌ಗಳಲ್ಲಿ ಮುನಾರಿ ಎರಡನೆಯವನಾಗಿ, ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್ ಮೂರನೆಯವನಾಗಿ ಬಂದರು. ಗೆದ್ದದ್ದು ಎತ್ತಿನಂತೆ ಗಟ್ಟಿಯಾದ ಪೆಜೊ 504. ಸಫಾರಿಯನ್ನು ಲಾಂಚಿಯಾ ಆ ಕಾರಿನಿಂದ ಗೆಲ್ಲಲಾಗಲಿಲ್ಲ, ನಿಜ. ಆದರೆ ಗೆದ್ದ ಕಾರು ಎಂಥದ್ದು, ಎರಡನೆಯದಾಗಿ ಬಂದ ಕಾರು ಎಂಥದ್ದು ಎಂದು ಪಕ್ಕಪಕ್ಕ ಇಟ್ಟು ನೋಡಿ.

ಉತ್ತರ 3: ಆರು ಸಿಲಿಂಡರ್, ಬೆಂಗಳೂರು

ಇಬ್ಬರು ಹಿರಿಯರ ಮಾತಿಗೂ ನನ್ನ ಗೌರವವಿದೆ, ಆದರೆ ಇಲ್ಲಿ ಎಂ1ಗೆ ವಕೀಲರಿಲ್ಲದೆ ತೀರ್ಪು ಬರುವಂತೆ ಕಾಣುತ್ತಿದೆ. ಆದ್ದರಿಂದ ಆ ಪಾತ್ರವನ್ನು ನಾನು ವಹಿಸಿಕೊಳ್ಳುತ್ತೇನೆ.

ಎಂ1 ತಡವಾಗಿ ಬಂದದ್ದು ಏಕೆ ಎಂಬುದನ್ನು ಮೊದಲು ನೋಡಬೇಕು. ಬಿಎಂಡಬ್ಲ್ಯೂ ಸ್ಪರ್ಧಾ ವಿಭಾಗದ ಮುಖ್ಯಸ್ಥರಾಗಿದ್ದ ಯೋಕೆನ್ ನೇರ್‌ಪಾಷ್ ಅವರಿಗೆ ಪೋರ್ಷೆಯನ್ನು ಸರ್ಕ್ಯೂಟ್‌ಗಳಲ್ಲಿ, ಅಂದರೆ ಸುತ್ತು ಹಾಕುವ ಓಟದ ಪಥಗಳಲ್ಲಿ, ಸೋಲಿಸುವ ಕಾರು ಬೇಕಿತ್ತು. ನಡುವಿನಲ್ಲಿ ಎಂಜಿನ್ ಇಟ್ಟು ಕಾರು ಕಟ್ಟಿದ ಅನುಭವ ಮ್ಯೂನಿಕ್‌ನಲ್ಲಿ ಹೆಚ್ಚಿರಲಿಲ್ಲವಾದ್ದರಿಂದ ಆ ಕೆಲಸವನ್ನು ಲಾಂಬೋರ್ಗಿನಿಗೆ ವಹಿಸಿದರು. ಚಾಸಿಯ, ಅಂದರೆ ಕಾರಿನ ಚೌಕಟ್ಟಿನ, ವಿನ್ಯಾಸ ಮಾಡಿದವರು ಲಾಂಬೋರ್ಗಿನಿಯ ಮಿಯುರಾ ಕಾರಿನ ಚಾಸಿಯಿಂದ ಹೆಸರಾಗಿದ್ದ ಜಾನ್‌ಪಾವೊಲೊ ದಲ್ಲಾರಾ. ಮೈಯ ವಿನ್ಯಾಸ ಜಾರ್ಜೆಟ್ಟೊ ಜುಜಾರೊ ಅವರದು. ಇಷ್ಟಾಗುವಷ್ಟರಲ್ಲಿ ಲಾಂಬೋರ್ಗಿನಿ ಹಣಕಾಸಿನ ಸಂಕಷ್ಟಕ್ಕೆ ಸಿಕ್ಕಿ, 1978ರಲ್ಲಿ ಬಿಎಂಡಬ್ಲ್ಯೂ ಕೆಲಸವನ್ನು ಹಿಂದಕ್ಕೆ ಪಡೆಯಬೇಕಾಯಿತು. ಮುಂದೆ ಒಂದೊಂದು ಎಂ1 ಕೂಡ ಜಾತ್ರೆಗೆ ಹೊರಟ ಪಲ್ಲಕ್ಕಿಯಂತೆ ಊರೂರು ಸುತ್ತಿತು. ಉಕ್ಕಿನ ಕೊಳವೆಗಳ ಚೌಕಟ್ಟು ಮೊಡೆನಾದಲ್ಲಿ, ಫೈಬರ್‌ಗ್ಲಾಸ್ ಮೈ ಇಟಲಿಯ ಇನ್ನೊಂದು ಕಾರ್ಖಾನೆಯಲ್ಲಿ, ಎರಡರ ಜೋಡಣೆ ಟ್ಯೂರಿನ್ ಬಳಿ ಜುಜಾರೊ ಅವರ ಇಟಾಲ್‌ಡಿಸೈನ್ ಸಂಸ್ಥೆಯಲ್ಲಿ. ಅಲ್ಲಿಂದ ಆಲ್ಪ್ಸ್ ದಾಟಿ ಸ್ಟುಟ್‌ಗಾರ್ಟ್‌ನ ಬೌರ್ ಕಾರ್ಖಾನೆಗೆ ಬಂದು ಎಂಜಿನ್ ಸೇರಿಸಿಕೊಂಡು, ಕೊನೆಯ ತಪಾಸಣೆಗೆ ಮ್ಯೂನಿಕ್‌ಗೆ. ಒಂದು ಲಕ್ಷ ಜರ್ಮನ್ ಮಾರ್ಕ್ ಬೆಲೆಯಿಟ್ಟರೂ ಇದರಲ್ಲಿ ಯಾರಿಗೂ ಲಾಭ ಉಳಿದಿರಲಾರದು.

ಸ್ಟ್ರಾಟೋಸ್‌ಗೆ ಈ ಅಲೆದಾಟವಿರಲಿಲ್ಲ. ಮೈ ಬೆರ್ತೋನೆ ಎಂಬ ವಿನ್ಯಾಸ ಸಂಸ್ಥೆಯಲ್ಲಿ, ಅಂತಿಮ ಜೋಡಣೆ ಕಿವಾಸ್ಸೊದಲ್ಲಿರುವ ಲಾಂಚಿಯಾದ ಕಾರ್ಖಾನೆಯಲ್ಲಿ, ಎರಡೂ ಟ್ಯೂರಿನ್ನಿನ ಸುತ್ತಮುತ್ತಲೇ. ಆದರೆ ಅವರಿಗೂ ಕಾಯುವ ಕಷ್ಟ ತಪ್ಪಲಿಲ್ಲ ಎಂಬುದನ್ನು ಮರೆಯಬಾರದು. ಡೀನೋ 246 ಕಾರು ಮಾರಾಟದಲ್ಲಿರುವವರೆಗೆ ಅದೇ ಎಂಜಿನ್ನನ್ನು ಇನ್ನೊಬ್ಬರ ಕಾರಿಗೆ ಕೊಡಲು ಎನ್‌ಜೊ ಫೆರಾರಿ ಮನಸ್ಸು ಮಾಡಲಿಲ್ಲ. 1974ರಲ್ಲಿ ಡೀನೋ ತಯಾರಿಕೆ ನಿಲ್ಲುವ ಹೊತ್ತಿಗಷ್ಟೇ ಎಂಜಿನ್ನುಗಳು ಒಟ್ಟಾಗಿ ಬಂದವು. ಅಲ್ಲಿಯವರೆಗೆ ಲಾಂಚಿಯಾದ ಸ್ಪರ್ಧಾ ಮುಖ್ಯಸ್ಥ ಚೆಸರೆ ಫಿಯೊರಿಯೊ ಅವರ ತಂಡ ತನ್ನ ಕಾರನ್ನು ಮಾನ್ಯತೆಯಿಲ್ಲದ ಮಾದರಿ ಕಾರುಗಳಿಗೆ ಅವಕಾಶವಿದ್ದ ಸ್ಪರ್ಧೆಗಳಲ್ಲಿ ಓಡಿಸಿ ಹದ ಮಾಡಿಕೊಂಡಿತು. 1974ರಲ್ಲಿ ಸಿಸಿಲಿ ದ್ವೀಪದ ತಾರ್ಗಾ ಫ್ಲೋರಿಯೊ ಓಟದ ಗೆಲುವು ಆ ಅವಧಿಯದು. ಕಾಯುವ ಕಾಲವೇ ಅವರಿಗೆ ಅಭ್ಯಾಸದ ಕಾಲವಾಯಿತು. ಈ ಅದೃಷ್ಟ ಎಂ1ಗೆ ಇರಲಿಲ್ಲ.

ಆದರೂ ಬಿಎಂಡಬ್ಲ್ಯೂ ಸುಮ್ಮನೆ ಕೂರಲಿಲ್ಲ. ಮಾನ್ಯತೆ ಸಿಗುವವರೆಗೆ ಓಡಲು ಜಾಗವಿಲ್ಲದಿದ್ದರೆ ಜಾಗವನ್ನೇ ಕಟ್ಟೋಣ ಎಂದು 1979ರಲ್ಲಿ ಪ್ರೊಕಾರ್ ಎಂಬ ಸರಣಿಯನ್ನು ಆರಂಭಿಸಿತು. ಯೂರೋಪಿನ ಫಾರ್ಮುಲಾ ಒನ್ ರೇಸ್‌ಗಳ ಜೊತೆಯಲ್ಲೇ, ಎಲ್ಲರಿಗೂ ಒಂದೇ ಬಗೆಯ ಎಂ1, 470ರಷ್ಟು ಅಶ್ವಶಕ್ತಿ. ಶುಕ್ರವಾರದ ಅಭ್ಯಾಸದಲ್ಲಿ ವೇಗವಾಗಿ ಓಡಿದ ಐವರು ಫಾರ್ಮುಲಾ ಒನ್ ಚಾಲಕರಿಗೆ ಕಂಪನಿಯ ಕಾರುಗಳಲ್ಲಿ ಮುಂದಿನ ಸಾಲಿನ ಜಾಗ ಮೀಸಲು. 1979ರ ಪ್ರಶಸ್ತಿ ನಿಕಿ ಲೌಡಾಗೆ, 1980ರದು ನೆಲ್ಸನ್ ಪಿಕೆಗೆ ಸಂದಿತು. ಅದೇ 1979ರಲ್ಲಿ ಆಂಡಿ ವಾರ್ಹಾಲ್ ತಮ್ಮ ಕೈಯಿಂದಲೇ ಬಣ್ಣ ಬಳಿದ ಎಂ1 ಲೆ ಮಾನ್‌ನ 24 ಗಂಟೆಗಳ ಓಟದಲ್ಲಿ ಒಟ್ಟಾರೆ ಆರನೆಯ ಸ್ಥಾನ ಪಡೆಯಿತು. 1981ರಲ್ಲಿ ಅಮೆರಿಕದ ಇಮ್ಸಾ ರೇಸ್ ಸರಣಿಯ ಜಿಟಿಒ ವರ್ಗದ ಪ್ರಶಸ್ತಿಯೂ ಎಂ1 ಓಡಿಸಿದವರಿಗೇ ಹೋಯಿತು. ಆದ್ದರಿಂದ ಎಂ1 ಏನನ್ನೂ ಸಾಧಿಸಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕೊನೆಯದಾಗಿ ಎಂಜಿನ್ನಿನ ಬಗ್ಗೆ. ಆರು ಪ್ರತ್ಯೇಕ ಥ್ರಾಟಲ್‌ಗಳು, 24 ವಾಲ್ವ್‌ಗಳು, ಕೂಗೆಲ್‌ಫಿಷರ್ ಯಾಂತ್ರಿಕ ಇಂಧನ ಇಂಜೆಕ್ಷನ್, ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿಟ್ಟು ಎಂಜಿನ್ನನ್ನು ಕೆಳಗೆ ಕೂರಿಸುವ ಡ್ರೈ ಸಂಪ್ ವ್ಯವಸ್ಥೆ. ಇಷ್ಟೆಲ್ಲ ಇದ್ದೂ ಅದು ಊರೊಳಗಿನ ಸಂದಣಿಯಲ್ಲಿ ಮುನಿಸಿಕೊಳ್ಳದೆ ನಡೆಯುತ್ತದೆ ಎಂದು ಓಡಿಸಿದವರು ಒಂದೇ ಮಾತಿನಲ್ಲಿ ಹೇಳುತ್ತಾರೆ. ಡೀನೋ ವಿ6 ಎಂಜಿನ್ ಸ್ಟ್ರಾಟೋಸ್‌ಗೆ ಬರುವ ಹೊತ್ತಿಗೆ ತನ್ನ ಬಾಳಿನ ಸಂಜೆಯಲ್ಲಿತ್ತು. ಎಂ1ರ ಎಂಜಿನ್ನಿಗೆ ಮುಂದೆಯೂ ಬಾಳಿತ್ತು: ಅದನ್ನು ತಿದ್ದಿ 1984ರ ಎಂ635ಸಿಎಸ್‌ಐ ಕಾರಿಗೆ, ಅದರ ಮರುವರ್ಷ ಮೊದಲ ಎಂ5ಗೆ ಹಾಕಿದರು. ತಾವಿರುವ ಊರಿನ ಬೀದಿಗಳಲ್ಲಿ ‘ಎಂ’ ಬಿಲ್ಲೆ ಹೊತ್ತು ಓಡುವ ಕಾರುಗಳ ವಂಶಾವಳಿ ಶುರುವಾಗುವುದು ಇಲ್ಲಿಂದ.

ಪ್ರಶ್ನೆ ಕೇಳಿದವರ ಮರುಮಾತು: ಮ್ಯೂನಿಕ್ ಕನ್ನಡಿಗ

ಮೂವರಿಗೂ ಕೃತಜ್ಞತೆಗಳು. ಅಡ್ಡೆ ಮತ್ತು ಕೊಡದ ಹೋಲಿಕೆಯನ್ನು ಮೇಷ್ಟ್ರ ಅನುಮತಿಯಿದ್ದರೆ ಹಾಗೆಯೇ ಎತ್ತಿಕೊಳ್ಳುತ್ತೇನೆ.

ಆದರೂ ಒಂದು ಎಳೆ ಬಿಟ್ಟುಹೋದಂತಿದೆ. ಸ್ಟ್ರಾಟೋಸ್ ಓಡಿದ್ದು ಹೆಚ್ಚಾಗಿ ರ‍್ಯಾಲಿಯಲ್ಲಿ, ಎಂ1 ಓಡಿದ್ದು ಹೆಚ್ಚಾಗಿ ಸರ್ಕ್ಯೂಟಿನಲ್ಲಿ. ಗದ್ದೆಯ ಎತ್ತನ್ನೂ ಗಾಡಿಯ ಎತ್ತನ್ನೂ ಬೇರೆ ಬೇರೆ ಕಡೆ ದುಡಿಸಿ ಯಾವುದು ಮೇಲು ಎಂದು ಕೇಳಿದರೆ ಉತ್ತರಕ್ಕೆ ಅರ್ಥವಿರುವುದಿಲ್ಲ. ಎರಡೂ ಒಂದೇ ರಸ್ತೆಯಲ್ಲಿ, ಸಾಧ್ಯವಿದ್ದರೆ ಒಬ್ಬನೇ ಚಾಲಕನ ಕೈಯಲ್ಲಿ ಓಡಿದ ಉದಾಹರಣೆ ಇದೆಯೇ? ಇದು ದುರಾಸೆಯ ಪ್ರಶ್ನೆ ಎಂದು ಬಲ್ಲೆ.

ಉತ್ತರ 4: ನಿವೃತ್ತ ಮೇಷ್ಟ್ರು, ದಾವಣಗೆರೆ

ಹೋಲಿಕೆಯನ್ನು ಧಾರಾಳವಾಗಿ ಬಳಸಿಕೊಳ್ಳಿ. ತಮ್ಮ ಪ್ರಶ್ನೆ ದುರಾಸೆಯದಲ್ಲ, ಏಕೆಂದರೆ ಅಂಥ ಉದಾಹರಣೆ ಇದೆ.

ಫ್ರಾನ್ಸಿನ ಬರ್ನಾರ್ ಡಾರ್ನಿಷ್ ಸ್ಟ್ರಾಟೋಸ್‌ನ ಕೊನೆಯ ದೊಡ್ಡ ಸವಾರ. ಲಾಂಚಿಯಾದ ಒಡೆಯರಾಗಿದ್ದ ಫಿಯೆಟ್ ಬಳಗದವರು 1977ರ ಸುಮಾರಿಗೆ ತಮ್ಮ ಅಧಿಕೃತ ಬೆಂಬಲವನ್ನೆಲ್ಲ ಫಿಯೆಟ್ 131 ಅಬಾರ್ತ್ ಕಾರಿನತ್ತ ತಿರುಗಿಸಿದರು. ಮಾರುಕಟ್ಟೆಯಲ್ಲಿ ಮಾರುವ ಸಂಸಾರಸ್ಥರ ಕಾರನ್ನು ಹೋಲುವ ಕಾರು ಗೆದ್ದರೆ ಮಾರಾಟಕ್ಕೆ ಅನುಕೂಲ ಎಂಬುದು ಅವರ ಲೆಕ್ಕ. ಸ್ಟ್ರಾಟೋಸ್ ಸೋತು ಮೂಲೆಗೆ ಸೇರಿದ್ದಲ್ಲ, ಮನೆಯವರೇ ಅದನ್ನು ಮೂಲೆಗೆ ಸರಿಸಿದರು. ಆಮೇಲೂ ಡಾರ್ನಿಷ್ ಫ್ರೆಂಚ್ ಖಾಸಗಿ ತಂಡವೊಂದರ ನೀಲಿ ಸ್ಟ್ರಾಟೋಸ್‌ನಲ್ಲಿ 1979ರ ಮಾಂಟೆ ಕಾರ್ಲೊ ಗೆದ್ದ. 1981ರಲ್ಲಿ, ಮಾನ್ಯತೆ ಸಿಕ್ಕು ಏಳು ವರ್ಷ ಕಳೆದ ಕಾರಿನಲ್ಲಿ, ಕಾರ್ಸಿಕಾ ದ್ವೀಪದ ರ‍್ಯಾಲಿಯನ್ನೂ ಗೆದ್ದ. ವಿಶ್ವ ರ‍್ಯಾಲಿಯಲ್ಲಿ ಸ್ಟ್ರಾಟೋಸ್‌ನ ಕೊನೆಯ ಗೆಲುವು ಅದೇ.

ಮರುವರ್ಷ, 1982ರಲ್ಲಿ, ಅದೇ ಡಾರ್ನಿಷ್ ಅದೇ ಕಾರ್ಸಿಕಾಗೆ ಬಂದದ್ದು ರ‍್ಯಾಲಿಗೆಂದು ಸಜ್ಜುಗೊಳಿಸಿದ ಬಿಎಂಡಬ್ಲ್ಯೂ ಎಂ1ರಲ್ಲಿ. ತಾವು ಕೇಳಿದ್ದು ಇದನ್ನೇ: ಒಬ್ಬನೇ ಚಾಲಕ, ಒಂದೇ ದ್ವೀಪ, ಒಂದು ವರ್ಷದ ಅಂತರ. ಕಾರ್ಸಿಕಾದ ರ‍್ಯಾಲಿ ಪೂರ್ತಿ ಡಾಂಬರು ರಸ್ತೆಯದು, ಆದ್ದರಿಂದ ಮಣ್ಣಿನ ದಾರಿಯಲ್ಲಿ ಎಂ1ಗೆ ಅನ್ಯಾಯವಾಯಿತು ಎನ್ನುವಂತಿಲ್ಲ. ಬಲವೂ ಎಂ1 ಕಡೆಗೇ ಹೆಚ್ಚಿತ್ತು. ಆದರೆ ಕಾರ್ಸಿಕಾದ ರಸ್ತೆ ನಮ್ಮ ಆಗುಂಬೆ ಘಾಟಿಯನ್ನು ನೂರಾರು ಕಿಲೋಮೀಟರ್‌ಗೆ ಎಳೆದಂತಿರುತ್ತದೆ. ಒಂದು ತಿರುವಿನ ಬಾಲ ಇನ್ನೊಂದು ತಿರುವಿನ ತಲೆಗೆ ಕಚ್ಚಿಕೊಂಡಿರುತ್ತದೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಅಂಥಲ್ಲಿ 4.36 ಮೀಟರ್ ಉದ್ದ, 1.82 ಮೀಟರ್ ಅಗಲದ ಕಾರನ್ನು ತಿರುಗಿಸಿ ಮತ್ತೆ ತಿರುಗಿಸುವುದಕ್ಕೂ, 3.71 ಮೀಟರ್ ಉದ್ದದ ಕಾರನ್ನು ತಿರುಗಿಸುವುದಕ್ಕೂ ಎಷ್ಟು ಅಂತರವೆಂದು ಊಹಿಸಬಹುದು. ಎಂ1 ಮುಂದಿನ ಒಂದೆರಡು ವರ್ಷ ಫ್ರಾನ್ಸಿನ ರ‍್ಯಾಲಿಗಳಲ್ಲಿ ಕಾಣಿಸಿಕೊಂಡರೂ ವಿಶ್ವ ಮಟ್ಟದ ಗೆಲುವು ಅದಕ್ಕೆ ಒಲಿಯಲಿಲ್ಲ.

ಇದರಿಂದ ಎಂ1 ಸೋತಿತೆಂದು ತೀರ್ಮಾನಿಸುವ ಮುನ್ನ ಇದರ ತಿರುಗುಮುರುಗನ್ನೂ ನೋಡಿ. ಸ್ಟ್ರಾಟೋಸ್‌ಗೂ ಟರ್ಬೊ ಹಾಕಿ, 500ರ ಆಸುಪಾಸಿನ ಅಶ್ವಶಕ್ತಿ ಕೊಟ್ಟು ಸರ್ಕ್ಯೂಟಿಗೆ ಇಳಿಸಿದ್ದುಂಟು. ಅಲ್ಲಿ ಅದರ ಗಿಡ್ಡತನವೇ ಅದಕ್ಕೆ ಮುಳುವಾಯಿತು. ಉದ್ದನೆಯ ನೇರ ದಾರಿಯಲ್ಲಿ ನೆಟ್ಟಗೆ ನಿಲ್ಲುವುದು ಬೇಗ ತಿರುಗುವಂತೆ ಕಟ್ಟಿದ ಕಾರಿನ ಸ್ವಭಾವವಲ್ಲ. ಎಂ1ರ 2,560 ಮಿಲಿಮೀಟರ್ ಅರ್ಥ ಪಡೆಯುವುದು ಆ ಜಾಗದಲ್ಲಿ.

ಉತ್ತರ 5: ಪಾನಾ ಹಿಡಿದವ, ಚಿಕ್ಕಮಗಳೂರು

ಡಾರ್ನಿಷ್ ವಿಷಯ ನನಗೆ ಹೊಸದು, ಮೇಷ್ಟ್ರಿಗೆ ನಮಸ್ಕಾರ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಎಂ1ರ ಎಂಜಿನ್ನನ್ನು ನೋಡಲು ಹಿಂಬದಿಯ ಪಟ್ಟಿಪಟ್ಟಿಯ ಮುಚ್ಚಳ ಎತ್ತಬೇಕು. ಆ ತೆರಪಿನೊಳಗೆ ಬಗ್ಗಿಯೇ ಕೆಲಸ ಮಾಡಬೇಕು. ಸರ್ಕ್ಯೂಟಿನಲ್ಲಿ ಅದು ದೊಡ್ಡ ಅಡ್ಡಿಯಲ್ಲ, ಏಕೆಂದರೆ ಅಲ್ಲಿ ಕಾರು ಕೆಟ್ಟರೆ ಅಂದಿನ ಓಟ ಹೆಚ್ಚುಕಡಿಮೆ ಮುಗಿದಂತೆ. ರ‍್ಯಾಲಿಯಲ್ಲಿ ಕೆಟ್ಟ ಕಾರನ್ನು ಎಬ್ಬಿಸಿ ಮತ್ತೆ ಓಡಿಸುವುದೇ ಸ್ಪರ್ಧೆಯ ಅರ್ಧ. ಜುಜಾರೊ ಅವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ, ಅವರನ್ನು ಯಾರೂ ಅದನ್ನು ಕೇಳಿರಲಿಲ್ಲ.

ಉತ್ತರ 6: ಆರು ಸಿಲಿಂಡರ್, ಬೆಂಗಳೂರು

ವಕೀಲನಾಗಿ ನಾನು ಅರ್ಧ ಸೋತೆ ಎಂದು ಒಪ್ಪಿಕೊಳ್ಳುತ್ತೇನೆ. ಉಳಿದರ್ಧವನ್ನು ಮೇಷ್ಟ್ರ ಕೊನೆಯ ಪ್ಯಾರಾ ಉಳಿಸಿಕೊಟ್ಟಿದೆ.

ಜುಜಾರೊ ಅವರ ಹೆಸರು ಮತ್ತೆ ಬಂದದ್ದರಿಂದ, ಭಾಷಣಕ್ಕೆ ಒದಗಬಹುದಾದ ಒಂದು ಸಂಗತಿ. ಸ್ಟ್ರಾಟೋಸ್‌ನ ವಿನ್ಯಾಸಕಾರ ಮಾರ್ಚೆಲ್ಲೊ ಗಾಂಡೀನಿ ಮತ್ತು ಜುಜಾರೊ ಇಬ್ಬರೂ ಹುಟ್ಟಿದ್ದು 1938ರ ಆಗಸ್ಟ್ ತಿಂಗಳಲ್ಲಿ. 1965ರಲ್ಲಿ ಜುಜಾರೊ ಬೆರ್ತೋನೆ ಸಂಸ್ಥೆಯನ್ನು ಬಿಟ್ಟಾಗ ಆ ಖಾಲಿ ಕುರ್ಚಿಗೆ ಬಂದು ಕೂತವರೇ ಗಾಂಡೀನಿ. ಅಂದರೆ ಎರಡು ಕಾರುಗಳ ಕರ್ತೃಗಳೂ ಒಂದೇ ಮೇಜಿನ ಎರಡು ತಲೆಮಾರು, ಆದರೆ ಒಂದೇ ವಯಸ್ಸಿನವರು. ಗಾಂಡೀನಿ 2024ರ ಮಾರ್ಚ್‌ನಲ್ಲಿ ತೀರಿಕೊಂಡರು. 1970ರ ಟ್ಯೂರಿನ್ ಪ್ರದರ್ಶನಕ್ಕೆ ಅವರು ಮಾಡಿದ್ದ ಸ್ಟ್ರಾಟೋಸ್ ಜೀರೊ ಎಂಬ ಮೊದಲ ಮಾದರಿಯ ಎತ್ತರ ಬರೀ 84 ಸೆಂಟಿಮೀಟರ್. ಅದನ್ನು ಸಂಸ್ಥೆಯ ಒಡೆಯ ನುಚ್ಚೊ ಬೆರ್ತೋನೆ ತಾವೇ ಓಡಿಸಿಕೊಂಡು ಹೋಗಿ, ಲಾಂಚಿಯಾ ಕಚೇರಿಯ ಗೇಟಿನ ಅಡ್ಡಗಂಬದ ಕೆಳಗೆ ನುಸುಳಿಸಿಕೊಂಡು ಒಳಗೆ ನುಗ್ಗಿದರೆಂಬ ಕಥೆ ಪ್ರಸಿದ್ಧವಾಗಿದೆ. ಸಭಿಕರು ನಗುವುದು ಖಂಡಿತ.

ಸಂಖ್ಯೆಗಳನ್ನು ಹೇಳುವಾಗ ಮಾತ್ರ ಎಚ್ಚರವಿರಲಿ. ಸ್ಟ್ರಾಟೋಸ್‌ಗೆ ಸಾಮಾನ್ಯವಾಗಿ 492 ಎಂಬ ಲೆಕ್ಕ ಕೊಡುತ್ತಾರೆ. ಎಂ1ಗೆ 453ರಿಂದ 460ರವರೆಗೆ ಬೇರೆ ಬೇರೆ ಅಂಕಿಗಳು ಸಿಗುತ್ತವೆ. ಅದರಲ್ಲಿ ಸುಮಾರು 400 ರಸ್ತೆಯ ಕಾರುಗಳು, ಐವತ್ತಕ್ಕೂ ಮಿಕ್ಕಿದವು ಸ್ಪರ್ಧೆಯವು. ಇನ್ನು ಸ್ಟ್ರಾಟೋಸ್ ಚಿತ್ರವನ್ನು ಅಂತರ್ಜಾಲದಿಂದ ಆಯ್ದುಕೊಳ್ಳುವುದಾದರೆ ಅದು ಅಸಲಿಯೋ ಎಂದು ವಿಚಾರಿಸಿಕೊಳ್ಳಿ. ಫೈಬರ್‌ಗ್ಲಾಸಿನ ಅಚ್ಚು ತೆಗೆದು ಮಾಡಿದ ನಕಲು ಸ್ಟ್ರಾಟೋಸ್‌ಗಳು ಬೇಕಾದಷ್ಟಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಲಾಂಚಿಯಾ ತಂಡದ ಪ್ರಾಯೋಜಕನಾಗಿದ್ದ ಅಲಿಟಾಲಿಯಾ ವಿಮಾನ ಸಂಸ್ಥೆಯ ಅದೇ ಬಿಳಿ, ಹಸಿರು, ಕೆಂಪು ಬಣ್ಣವನ್ನೇ ಹಚ್ಚಿಕೊಂಡಿರುತ್ತವೆ.